ಸೈಕಲ್ ರೇಸ್: ಮನೆಯಲ್ಲಿ ನೋಡಬೇಕೋ, ರಸ್ತೆಗೆ ಹೋಗಬೇಕೋ?

ಊರ ಜಾತ್ರೆ ಬಂದರೆ ಕುಸ್ತಿ, ತೆರಬಂಡಿ, ಟ್ರ್ಯಾಕ್ಟರ್ ರಿವರ್ಸ್ ಓಡಿಸುವ ಪಂದ್ಯದ ಜೊತೆಗೆ ಸೈಕಲ್ ರೇಸನ್ನೂ ಇಡುವ ಸೀಮೆ ನಮ್ಮದು. ವಿಜಯಪುರದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾ ನಿಲಯವಿದೆ. ಈ ಜಿಲ್ಲೆ ಮತ್ತು ಪಕ್ಕದ ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ ನಡೆದದ್ದೂ ವಿಜಯಪುರದಲ್ಲೇ. ಇಷ್ಟಾದರೂ ರೇಸ್ ನೋಡಲು ಹೋಗಿ ಬಂದವರನ್ನು ಕೇಳಿ ನೋಡಿ: "ಏನ್ ನೋಡೂದ್ರಿ, ಸುಂಯ್ ಅಂತ ಹೋದ್ರು, ಅಷ್ಟ."

ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಗಂಟೆಗೆ 45 ಕಿ.ಮೀ. ವೇಗದಲ್ಲಿ ಬರುವ ಗುಂಪು ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಸಾಗುತ್ತದೆ. ಅರವತ್ತು ಮೀಟರ್ ಉದ್ದದ ಗುಂಪು ನಿಮ್ಮ ಮುಂದೆ ಹಾದುಹೋಗಲು ಐದು ಸೆಕೆಂಡು ಸಾಕು. ಬೆಳಿಗ್ಗೆ ಐದಕ್ಕೆ ಎದ್ದು, ಎರಡು ತಾಸು ಕಾದು, ಐದು ಸೆಕೆಂಡು ನೋಡಿ ಮನೆಗೆ ಮರಳಿದವರಿಗೆ ಬೇಸರವಾಗುವುದು ಸಹಜ. ಅದೇ ಟಿವಿ ಅಥವಾ ಮೊಬೈಲ್‌ನಲ್ಲಿ ಫ್ರಾನ್ಸಿನ ರೇಸ್ ಹಾಕಿಕೊಂಡರೆ ಹೆಲಿಕಾಪ್ಟರ್‌ನಿಂದ, ಬೈಕ್ ಮೇಲಿನ ಕ್ಯಾಮೆರಾದಿಂದ ನಾಲ್ಕು ತಾಸು ಎಲ್ಲವೂ ಕಾಣುತ್ತದೆ. ಹಾಗಾದರೆ ಮನೆಯೇ ಮೇಲೋ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ದೊಡ್ಡ ರೇಸ್‌ಗಳನ್ನು ಮನೆಯಲ್ಲಿ ನೋಡಿ. ಆಟದ ಲೆಕ್ಕಾಚಾರ ಅರ್ಥವಾಗುವುದು ಅಲ್ಲಿ. ನಮ್ಮ ಜಿಲ್ಲೆಯ ರೇಸ್‌ಗಳನ್ನು ರಸ್ತೆಗೆ ಹೋಗಿಯೇ ನೋಡಿ. ಅವನ್ನು ತೋರಿಸುವ ಕ್ಯಾಮೆರಾ ಇಲ್ಲ, ನೀವು ಹೋಗದಿದ್ದರೆ ನೋಡುವವರೇ ಇರುವುದಿಲ್ಲ. ಆದರೆ ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂಬುದು ಗೊತ್ತಿರಬೇಕು. ಈ ಲೇಖನ ಅದಕ್ಕೆ.

ರೇಸ್ ಯಾವ ಬಗೆಯದು, ಮೊದಲು ತಿಳಿಯಿರಿ

ರಸ್ತೆ ಸೈಕ್ಲಿಂಗ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಟೈಮ್ ಟ್ರಯಲ್. ಸವಾರರು ಒಬ್ಬೊಬ್ಬರಾಗಿ, ಸಾಮಾನ್ಯವಾಗಿ ಒಂದು ನಿಮಿಷದ ಅಂತರದಲ್ಲಿ ಹೊರಡುತ್ತಾರೆ. ಯಾರ ಬೆನ್ನ ಹಿಂದೆಯೂ ಅಂಟಿಕೊಂಡು ಓಡಿಸುವಂತಿಲ್ಲ. ಗಡಿಯಾರದ ಜೊತೆ ಹೋರಾಟ, ಅಷ್ಟೇ. ಎರಡನೆಯದು ಮಾಸ್ ಸ್ಟಾರ್ಟ್. ಎಲ್ಲರೂ ಒಟ್ಟಿಗೆ ಹೊರಟು, ಮೊದಲು ಗೆರೆ ದಾಟಿದವರು ಗೆದ್ದಂತೆ. ಜಾತ್ರೆಯಲ್ಲಿ ಇಡುವ ರೇಸ್‌ಗಳು ಹೆಚ್ಚಾಗಿ ಈ ಎರಡನೆಯ ಬಗೆಯವು.

ಟೈಮ್ ಟ್ರಯಲ್ ಮನೆಯಲ್ಲಿ ಕುಳಿತು ನೋಡುವವರಿಗೆ ಸಪ್ಪೆ. ಪರದೆಯ ಮೇಲೆ ಒಬ್ಬನೇ ಸವಾರ, ಪಕ್ಕದಲ್ಲಿ ಅಂಕಿಗಳು. ರಸ್ತೆ ಬದಿಯಲ್ಲಿ ಮಾತ್ರ ಇದಕ್ಕಿಂತ ಒಳ್ಳೆಯ ರೇಸ್ ಇಲ್ಲ. ಅರವತ್ತು ಜನ ಇದ್ದರೆ ಒಂದು ತಾಸು ನಿಮಿಷಕ್ಕೊಬ್ಬರಂತೆ ನಿಮ್ಮ ಮುಂದೆ ಬರುತ್ತಾರೆ. ಒಬ್ಬೊಬ್ಬರ ಮುಖ, ಕಾಲು, ಉಸಿರು ನೋಡಲು ಸಿಗುತ್ತದೆ. ಮಾಸ್ ಸ್ಟಾರ್ಟ್ ಇದಕ್ಕೆ ತದ್ವಿರುದ್ಧ. ಟಿವಿಯಲ್ಲಿ ಕಥೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ರಸ್ತೆ ಬದಿಯಲ್ಲಿ ಒಂದೇ ತುಣುಕು ಸಿಗುತ್ತದೆ. ಮೊದಲ ಸಲ ಹೋಗುವವರು ಟೈಮ್ ಟ್ರಯಲ್ ದಿನವೇ ಹೋಗುವುದು ಲೇಸು.

ಒಂದೇ ತುಣುಕು ಕಾಣುವ ಈ ಪೇಚು ಮೋಟಾರು ರೇಸ್ ನೋಡುವವರಿಗೂ ಇದೆ. ಅಮೆರಿಕದ ನಾಸ್ಕಾರ್ ಸ್ಟಾಕ್ ಕಾರ್ ರೇಸ್‌ಗಳು ಹೆಚ್ಚಾಗಿ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ನಡೆಯುತ್ತವೆ. ಮೇಲಿನ ಸಾಲಿನಲ್ಲಿ ಕುಳಿತರೆ ಓಟ ಪೂರ್ತಿ ಕಾಣುತ್ತದೆ. ಅದೇ ಕಾರುಗಳು ವಾಟ್ಕಿನ್ಸ್ ಗ್ಲೆನ್, ಸೊನೋಮಾದಂಥ ಎಡ ಬಲ ತಿರುವುಗಳ ರೋಡ್ ಕೋರ್ಸ್‌ಗೆ ಬಂದಾಗ ಪ್ರೇಕ್ಷಕರಿಗೆ ಒಂದೆರಡು ತಿರುವು ಮಾತ್ರ ಗೋಚರ. ಅದಕ್ಕೇ ಅಲ್ಲಿಯವರು ಚಾಲಕ ಮತ್ತು ತಂಡದ ನಡುವಿನ ಮಾತು ಕೇಳಲು ಕಿವಿಗೆ ರೇಡಿಯೊ ಸ್ಕ್ಯಾನರ್ ಹಾಕಿಕೊಂಡು, ಒಳ್ಳೆಯ ತಿರುವನ್ನು ಹುಡುಕಿ ಕೂರುತ್ತಾರೆ. ಸೈಕಲ್‌ನಲ್ಲೂ ವೆಲೋಡ್ರೋಮ್ (ಸೈಕಲ್ ರೇಸಿಗೆಂದೇ ಕಟ್ಟಿದ ಅಂಡಾಕಾರದ ಟ್ರ್ಯಾಕ್) ಮತ್ತು ರಸ್ತೆಯ ನಡುವಿನ ಅಂತರ ಇದೇ. ಕಣ್ಣಿಗೆ ಕಾಣದ ಭಾಗವನ್ನು ಬೇರೆ ದಾರಿಯಿಂದ ತಿಳಿದುಕೊಳ್ಳುವುದು, ಕಾಣುವ ಭಾಗವನ್ನು ಜಾಣತನದಿಂದ ಆರಿಸಿಕೊಳ್ಳುವುದು. ರಸ್ತೆ ರೇಸ್ ನೋಡುವವರು ಕಲಿಯಬೇಕಾದದ್ದು ಈ ಎರಡನ್ನೇ.

ಮನೆಯಲ್ಲಿ ನೋಡುವುದು: ಯಾವಾಗ, ಏನನ್ನು

ವಿದೇಶದ ದೊಡ್ಡ ರೇಸ್‌ಗಳ ವೇಳೆ ನಮಗೆ ಅನುಕೂಲವಾಗಿಯೇ ಇದೆ. ಮೇ ತಿಂಗಳಲ್ಲಿ ಇಟಲಿಯ ಜಿರೋ, ಜುಲೈನಲ್ಲಿ ಟೂರ್ ದ ಫ್ರಾನ್ಸ್, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸ್ಪೇನಿನ ವುಯೆಲ್ತಾ. ಮೂರೂ ತಲಾ 21 ಹಂತಗಳ, ಮೂರು ವಾರಗಳ ರೇಸ್‌ಗಳು. ಈ ತಿಂಗಳುಗಳಲ್ಲಿ ಆ ದೇಶಗಳ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದಿರುತ್ತದೆ. ಅಲ್ಲಿ ಸಂಜೆ ಐದರ ಸುಮಾರಿಗೆ ಮುಗಿಯುವ ಹಂತ ನಮಗೆ ರಾತ್ರಿ ಎಂಟೂವರೆಯ ಹೊತ್ತಿಗೆ ಬರುತ್ತದೆ. ಹೊಲದ ಕೆಲಸ, ಅಂಗಡಿ, ಶಾಲೆ ಎಲ್ಲ ಮುಗಿಸಿ, ಊಟಕ್ಕೆ ಕೂರುವ ಸಮಯ.

ಪೂರ್ತಿ ನಾಲ್ಕು ತಾಸು ನೋಡಬೇಕಾಗಿಲ್ಲ. ಮಟ್ಟಸ ದಾರಿಯ ಹಂತವಾದರೆ ಕೊನೆಯ ಅರ್ಧ ತಾಸು, ಬೆಟ್ಟದ ಹಂತವಾದರೆ ಕೊನೆಯ ಒಂದೂವರೆ ತಾಸು ಸಾಕು. ಪ್ರಸಾರದ ಹಕ್ಕು ಆಗಾಗ ಕೈ ಬದಲಾಗುತ್ತದೆ. ಹೋದ ವರ್ಷ ಬಂದ ಚಾನೆಲ್‌ನಲ್ಲೇ ಈ ವರ್ಷವೂ ಬರುತ್ತದೆಂದು ನಂಬಿ ಚಂದಾ ಕಟ್ಟಬೇಡಿ. ರೇಸ್ ಶುರುವಾಗುವ ವಾರ ನೋಡಿಕೊಂಡು ಕಟ್ಟಿ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಟೂರ್ ದ ಫ್ರಾನ್ಸ್‌ನ ಅಧಿಕೃತ ಯೂಟ್ಯೂಬ್ ಚಾನೆಲ್ ಇದೆ, ಆಯಾ ದಿನದ ಮುಖ್ಯಾಂಶಗಳನ್ನು ಹಾಕುತ್ತಾರೆ. ಮೊಬೈಲ್ ಡೇಟಾದಲ್ಲಿ ನೋಡುವವರು ಚಿತ್ರದ ಗುಣಮಟ್ಟವನ್ನು ಒಂದು ಹಂತ ಇಳಿಸಿಕೊಳ್ಳಿ. ಎಚ್‌ಡಿಯಲ್ಲಿ ಬಿಟ್ಟರೆ ದಿನದ ಡೇಟಾ ಬೆಟ್ಟ ಹತ್ತುವ ಮೊದಲೇ ಮುಗಿದಿರುತ್ತದೆ. ತೋಟದ ಮನೆಯಲ್ಲಿರುವವರಿಗೆ ಕರೆಂಟಿನ ವೇಳೆಯ ಲೆಕ್ಕ ಹೇಳಿಕೊಡಬೇಕಿಲ್ಲ, ಫೋನ್ ಮೊದಲೇ ಚಾರ್ಜ್ ಆಗಿರಲಿ.

ಮನೆಯಲ್ಲಿ ನೋಡುವಾಗ ಮೂರು ವಿಷಯ ಗಮನಿಸಿ. ಅವು ರಸ್ತೆಗೆ ಹೋದಾಗ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು ಗಾಳಿಯ ಮರೆ. ಮಟ್ಟಸ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ದಾಟಿದ ಮೇಲೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವನ ಹಿಂಗಾಲಿಗೆ ತಾಗಿಕೊಂಡು ಬರುವವನಿಗೆ ಸುಮಾರು ಮೂರನೇ ಒಂದು ಭಾಗ ಶ್ರಮ ಉಳಿತಾಯ. ಇದಕ್ಕೆ ಹುಡುಗರು ಡ್ರಾಫ್ಟ್ ಅನ್ನುತ್ತಾರೆ. ಮುಂದೆ ಇದ್ದವನೇ ಬಲಶಾಲಿ ಎಂದು ತಿಳಿಯಬೇಡಿ. ಕೆಲವೊಮ್ಮೆ ಅವನು ಇತರರ ಕೂಲಿ ಮಾಡುತ್ತಿರುತ್ತಾನೆ.

ಎರಡನೆಯದು ಗ್ಯಾಪ್. ಮೂರ್ನಾಲ್ಕು ಜನ ಗುಂಪನ್ನು ಬಿಟ್ಟು ಮುಂದೆ ಹೋಗಿದ್ದಾರೆ, ಪರದೆಯ ಮೂಲೆಯಲ್ಲಿ 1 ನಿಮಿಷ 20 ಸೆಕೆಂಡು ಎಂದು ತೋರಿಸುತ್ತಿದೆ. ಇದು ಉಳಿಯುತ್ತದೋ, ಕರಗುತ್ತದೋ? ಫ್ರಾನ್ಸಿನ ಟಿವಿ ವೀಕ್ಷಕ ವಿವರಣೆಗಾರ ರಾಬರ್ಟ್ ಶಾಪಾತ್ ಹೆಸರಿನಲ್ಲಿ ಒಂದು ಹಳೆಯ ಲೆಕ್ಕವಿದೆ: ಪಟ್ಟು ಹಿಡಿದು ಬೆನ್ನಟ್ಟುವ ಗುಂಪು ಹತ್ತು ಕಿ.ಮೀ.ಗೆ ಒಂದು ನಿಮಿಷ ಕಿತ್ತುಕೊಳ್ಳುತ್ತದೆ. ಇನ್ನು ಹತ್ತು ಕಿ.ಮೀ. ಇರುವಾಗ ಮುಂದಿನವರಿಗೆ ಒಂದು ನಿಮಿಷಕ್ಕಿಂತ ಕಡಿಮೆ ಅಂತರವಿದ್ದರೆ ಅವರು ಸಿಕ್ಕಿಬಿದ್ದರು ಎಂದೇ ಲೆಕ್ಕ. ಇದು ಸುಳ್ಳಾಗುವ ದಿನವೂ ಇದೆ, ಆ ದಿನದ ರೇಸೇ ಸೊಗಸು.

ಮೂರನೆಯದು ಜೊತೆಗಾರರ ಕೆಲಸ. ಗೆಲ್ಲುವವನು ಒಬ್ಬ. ಅವನಿಗಾಗಿ ಗಾಳಿಗೆ ಎದೆಯೊಡ್ಡುವವರು, ನೀರು ತರುವವರು, ಪಂಕ್ಚರ್ ಆದರೆ ತಮ್ಮ ಗಾಲಿಯನ್ನೇ ಬಿಚ್ಚಿ ಕೊಡುವವರು ಹಲವರು. ಒಂದು ರೇಸ್‌ನಲ್ಲಿ ಗೆದ್ದವನನ್ನು ಬಿಟ್ಟು ಅವನ ತಂಡದ ಇನ್ನೊಬ್ಬನನ್ನು ಮಾತ್ರ ಗಮನಿಸಿ ನೋಡಿ. ಫಲಿತಾಂಶದ ಪಟ್ಟಿಯಲ್ಲಿ ಅವನ ಹೆಸರು ಯಾಕೆ ಅಷ್ಟು ಕೆಳಗಿದೆ ಎಂಬುದು ಆಗ ತಿಳಿಯುತ್ತದೆ.

ರಸ್ತೆಗೆ ಹೋಗುವುದು: ಎಲ್ಲಿ ನಿಲ್ಲಬೇಕು

ಹೆಚ್ಚಿನವರು ಸ್ಟಾರ್ಟ್ ನೋಡಲು ಹೋಗುತ್ತಾರೆ. ಬ್ಯಾನರ್, ಭಾಷಣ, ಹಸಿರು ನಿಶಾನೆ ಎಲ್ಲ ಅಲ್ಲೇ ಇರುತ್ತದೆ. ಆದರೆ ಮಾಸ್ ಸ್ಟಾರ್ಟ್‌ನ ಮೊದಲ ಕಿಲೋಮೀಟರಿನಲ್ಲಿ ನೋಡುವಂಥದ್ದು ಏನೂ ನಡೆಯುವುದಿಲ್ಲ. ನಮ್ಮಲ್ಲಿ ರೇಸ್‌ಗಳು ಬಹುತೇಕ ಹೋಗಿ ಬರುವ ದಾರಿಯವು. ಒಂದು ಊರಿನತನಕ ಹೋಗಿ, ಅಲ್ಲಿ ಯು-ಟರ್ನ್ ಹೊಡೆದು ಹೊರಟಲ್ಲಿಗೇ ಮರಳುತ್ತಾರೆ. ವಿಜಯಪುರ ನಗರದಿಂದ ಅಥಣಿ ರಸ್ತೆಯಲ್ಲಿ ತಿಕೋಟಾ ಸುಮಾರು 20 ಕಿ.ಮೀ., ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ ಸುಮಾರು 25 ಕಿ.ಮೀ. ಹೋಗಿ ಬಂದರೆ 40 ಅಥವಾ 50 ಕಿ.ಮೀ. ಬಾಲಕ ಬಾಲಕಿಯರ ವಿಭಾಗಗಳಿಗೆ ಒಪ್ಪುವ ದೂರ.

ಇಂಥ ದಾರಿಯಲ್ಲಿ ನಿಲ್ಲಲು ಒಳ್ಳೆಯ ಜಾಗಗಳು ಮೂರು.

ಒಂದು, ಯು-ಟರ್ನ್. 45ರ ವೇಗದಲ್ಲಿ ಬಂದವರು ಇಲ್ಲಿ ನಡೆಯುವ ವೇಗಕ್ಕೆ ಇಳಿಯಲೇಬೇಕು. ಬ್ರೇಕ್ ಹಿಡಿಯುವುದು, ಗೇರ್ ಇಳಿಸುವುದು, ಸೈಕಲ್ ವಾಲಿಸಿ ತಿರುಗುವುದು, ಮತ್ತೆ ಸೀಟಿನಿಂದ ಎದ್ದು ತುಳಿಯುವುದು ಎಲ್ಲವೂ ಹತ್ತು ಹೆಜ್ಜೆ ದೂರದಲ್ಲಿ ಕಾಣುತ್ತದೆ. ಗುಂಪಿನ ಮುಂದಿದ್ದವರು ತಿರುಗಿ ವೇಗ ಹಿಡಿಯುವಾಗ ಹಿಂದಿದ್ದವರು ಇನ್ನೂ ಬ್ರೇಕ್ ಒತ್ತುತ್ತಿರುತ್ತಾರೆ. ಅಂತರ ಬೀಳುವುದು ಇಲ್ಲೇ. ಅನುಭವಿ ಸವಾರ ತಿರುವಿಗೆ ಅರ್ಧ ಕಿಲೋಮೀಟರ್ ಇರುವಾಗಲೇ ಮೊದಲ ಐದಾರು ಜನರೊಳಗೆ ನುಗ್ಗಿರುತ್ತಾನೆ. ಹೊಸಬ ಕೊನೆಯಲ್ಲಿ ತಿರುಗಿ, ಮುಂದಿನ ಎರಡು ಕಿಲೋಮೀಟರ್ ಏದುಸಿರು ಬಿಡುತ್ತ ಬೆನ್ನಟ್ಟುತ್ತಾನೆ.

ಎರಡು, ತಿರುವಿಗೆ ಎರಡು ಮೂರು ಕಿ.ಮೀ. ಮೊದಲಿನ ಯಾವುದಾದರೂ ಬಯಲು ಜಾಗ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಸಲ ನೋಡಲು ಸಿಗುತ್ತದೆ. ಮೊಬೈಲ್‌ನ ಸ್ಟಾಪ್‌ವಾಚ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮುಂದಿನವನು ಕಿಲೋಮೀಟರ್ ಕಲ್ಲು ದಾಟಿದಾಗ ಒತ್ತಿ, ಗುಂಪು ಅದೇ ಕಲ್ಲು ದಾಟಿದಾಗ ನಿಲ್ಲಿಸಿ. 40ರ ವೇಗದಲ್ಲಿ ಒಂದು ನಿಮಿಷ ಎಂದರೆ ಸುಮಾರು 670 ಮೀಟರ್. ಹೋಗುವಾಗ 30 ಸೆಕೆಂಡು ಇದ್ದದ್ದು ಬರುವಾಗ 50 ಆಗಿದ್ದರೆ ಮುಂದಿನವರು ಇಂದು ಸಿಗುವವರಲ್ಲ. ಸವಾರರಿಗೆ ಆ ಅಂತರ ಕೂಗಿ ಹೇಳುವ ಆಸೆಯಾಗುತ್ತದೆ. "ಐವತ್ತ ಸೆಕೆಂಡ್ ಐತಿ, ತುಳೀರಿ!" ಎಂದು ಕೂಗಿದರೆ ತಪ್ಪಿಲ್ಲ, ಆದರೆ ಅಂಕಿ ಸರಿ ಇರಲಿ. ತಪ್ಪು ಲೆಕ್ಕ ಹೇಳಿ ಹುಡುಗರ ದಮ್ಮು ಕಳೆಯಬಾರದು.

ಮೂರು, ಮುಕ್ತಾಯದ ಗೆರೆಗೆ ನೂರು ನೂರೈವತ್ತು ಮೀಟರ್ ಮೊದಲು. ಗೆರೆಯ ಹತ್ತಿರ ಫೋಟೊದವರು, ಅಧಿಕಾರಿಗಳು, ಮನೆಯವರು ತುಂಬಿರುತ್ತಾರೆ, ತಲೆಗಳಷ್ಟೇ ಕಾಣುತ್ತವೆ. ಅಂತಿಮ ಸ್ಪ್ರಿಂಟ್ ತೆರೆದುಕೊಳ್ಳುವುದು ಸುಮಾರು 200 ಮೀಟರ್ ಇರುವಾಗ. ಯಾರು ಮೊದಲು ಎದ್ದರು, ಯಾರು ಅವರ ಬೆನ್ನ ಹಿಂದೆ ಉಳಿದು ತಡವಾಗಿ ಹೊರಬಂದರು ಎಂಬ ನಿರ್ಧಾರ ನಡೆಯುವುದು ನಿಮ್ಮ ಕಣ್ಣೆದುರಿಗೆ. ಯಾರು ಗೆದ್ದರೆಂದು ಮೈಕಿನಲ್ಲಿ ಹೇಗೂ ಹೇಳುತ್ತಾರೆ.

ಟೈಮ್ ಟ್ರಯಲ್ ಆದರೆ ಮಾತ್ರ ಸ್ಟಾರ್ಟ್‌ನಲ್ಲೇ ನಿಲ್ಲಿ. ಸವಾರ ಎರಡೂ ಕಾಲನ್ನು ಪೆಡಲ್‌ಗೆ ಸಿಕ್ಕಿಸಿಕೊಂಡು ಕೂತಿರುತ್ತಾನೆ. ಹಿಂದೆ ಒಬ್ಬರು ಸೀಟನ್ನು ಹಿಡಿದು ಸೈಕಲ್ ನೆಟ್ಟಗೆ ನಿಲ್ಲಿಸಿರುತ್ತಾರೆ. ಅಧಿಕಾರಿ ಅವನ ಮುಖದ ಮುಂದೆ ಐದು ಬೆರಳು ಚಾಚಿ ಒಂದೊಂದೇ ಮಡಚುತ್ತಾರೆ. ಐದು, ನಾಲ್ಕು, ಮೂರು. ಎರಡಕ್ಕೆ ಬರುವಷ್ಟರಲ್ಲಿ ಸವಾರನ ತೊಡೆ ಬಿಗಿದು ಮೈಯ ಭಾರವೆಲ್ಲ ಒಂದು ಪೆಡಲ್ ಮೇಲೆ ಬಂದಿರುತ್ತದೆ. ಕೊನೆಯ ಬೆರಳು ಮಡಚಿದಾಗ ಹಿಡಿದವರು ಬಿಡುತ್ತಾರೆ, ತಳ್ಳುವಂತಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಆ ಐದು ಬೆರಳನ್ನು ದಿಟ್ಟಿಸಿ ನೋಡುವ ಪರಿಯನ್ನು ಯಾವ ಟಿವಿಯೂ ನಿಮಗೆ ಇಷ್ಟು ಹತ್ತಿರದಿಂದ ತೋರಿಸುವುದಿಲ್ಲ.

ನಮ್ಮ ರಸ್ತೆ, ನಮ್ಮ ಗಾಳಿ

ವಿಜಯಪುರ ಸೀಮೆಯಲ್ಲಿ ಬೆಟ್ಟವಿಲ್ಲ, ಘಟ್ಟವಿಲ್ಲ. ಹಾಗಾಗಿ ಇಲ್ಲಿಯ ರೇಸ್ ನೀರಸ ಎಂದು ಹೊರಗಿನವರು ತಿಳಿಯುವುದುಂಟು. ಇಲ್ಲಿ ಬೆಟ್ಟದ ಕೆಲಸವನ್ನು ಗಾಳಿ ಮಾಡುತ್ತದೆ. ಮರವಿಲ್ಲದ ಎರೆ ಹೊಲಗಳ ನಡುವಿನ ರಸ್ತೆಗಳಲ್ಲಿ ಅದಕ್ಕೆ ತಡೆಯೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ವಿಜಯಪುರ ನಗರದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ ಇವೆ. ಈ ಎರಡೂ ರಸ್ತೆಗಳಲ್ಲಿ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಗಾಳಿ. ಎದುರು ಗಾಳಿಯಲ್ಲಿ ಒಬ್ಬನೇ ಮುಂದೆ ಓಡಿಹೋಗುವುದು ದಡ್ಡತನ. ಎಲ್ಲರೂ ಗುಂಪಿನಲ್ಲಿ ಅಡಗಿ ಕೂರುತ್ತಾರೆ. ಬೆನ್ನ ಗಾಳಿ ಸಿಕ್ಕ ಮೇಲೆ ಗುಂಪಿನ ಅನುಕೂಲ ಕಡಿಮೆಯಾಗುತ್ತದೆ, ಒಂಟಿ ಸವಾರನೂ 50ರ ಮೇಲೆ ಹೋಗಬಲ್ಲ. ಮಳೆಗಾಲದಲ್ಲಿ ಈ ದಾರಿಗಳ ರೇಸ್ ಶುರುವಾಗುವುದು ತಿರುವಿನ ನಂತರ ಎಂದೇ ತಿಳಿಯಿರಿ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ನಡುವೆ ನಿಲ್ಲುವವರು ಹೋಗುವಾಗಿನ ಗುಂಪಿಗಿಂತ ಬರುವಾಗಿನ ಗುಂಪನ್ನು ಕಾಯಬೇಕು.

ಸೋಲಾಪುರ ರಸ್ತೆಯ ಕಥೆ ಬೇರೆ. ಅದು ಉತ್ತರಕ್ಕೆ ಹೋಗುತ್ತದೆ, ಪಡುವಣ ಗಾಳಿ ಪಕ್ಕೆಗೆ ಬಡಿಯುತ್ತದೆ. ಆಗ ಮುಂದಿನವನ ನೇರ ಹಿಂದೆ ನಿಂತರೆ ಮರೆ ಸಿಗದು, ಓರೆಯಾಗಿ ನಿಲ್ಲಬೇಕು. ಮೊದಲನೆಯವನು ರಸ್ತೆಯ ಪಶ್ಚಿಮ ಬದಿಗೆ, ಎರಡನೆಯವನು ಸ್ವಲ್ಪ ಪೂರ್ವಕ್ಕೆ, ಮೂರನೆಯವನು ಇನ್ನೂ ಪೂರ್ವಕ್ಕೆ. ಹೀಗೆ ಏಳೆಂಟು ಜನ ಹಾರುವ ಬೆಳ್ಳಕ್ಕಿಗಳ ಸಾಲಿನಂತೆ ಓರೆಯಾಗಿ ಹರಡಿಕೊಳ್ಳುತ್ತಾರೆ. ರಸ್ತೆಯ ಅಗಲ ಅಷ್ಟಕ್ಕೇ ಮುಗಿಯುತ್ತದೆ. ಒಂಬತ್ತನೆಯವನಿಗೆ ಮರೆಯಿಲ್ಲ, ಅವನು ಡಾಂಬರಿನ ಪೂರ್ವದ ಅಂಚಿನಲ್ಲಿ, ಗಾಲಿ ಮಣ್ಣಿಗೆ ತಾಗುವಂತೆ ಒಬ್ಬನೇ ಗಾಳಿ ತಿನ್ನುತ್ತ ಒದ್ದಾಡುತ್ತಾನೆ. ಅವನ ಮುಂದೆ ಒಂದು ಗಾಲಿಯಷ್ಟು ಅಂತರ ಬಿದ್ದರೆ ಗುಂಪು ಎರಡಾಗುತ್ತದೆ, ಮತ್ತೆ ಕೂಡುವುದು ಕಷ್ಟ. ಅಡ್ಡ ಗಾಳಿಯ ದಿನ ಬಯಲಿನಲ್ಲಿ ನಿಂತವರಿಗೆ ಐದು ಸೆಕೆಂಡಿನಲ್ಲೂ ಇಡೀ ರೇಸಿನ ಹಣೆಬರಹ ಕಾಣುತ್ತದೆ. ಆ ದಿನ ಪೂರ್ವದ ಅಂಚಿನಲ್ಲಿ ಮಾತ್ರ ನಿಲ್ಲಬೇಡಿ. ತತ್ತರಿಸುವ ಸವಾರರು ಅಲ್ಲೇ ಬರುತ್ತಾರೆ.

ಚಳಿಗಾಲದ ಬೆಳಗಿನಲ್ಲಿ ಗಾಳಿ ಮಂದ. ಆಗ ರೇಸ್ ಬಹುಪಾಲು ಕೊನೆಯ ಸ್ಪ್ರಿಂಟಿಗೇ ಹೋಗುತ್ತದೆ, ಮುಕ್ತಾಯದ ಹತ್ತಿರ ನಿಲ್ಲುವುದು ಲಾಭ.

ಏನು ಒಯ್ಯಬೇಕು, ಯಾವಾಗ ಹೊರಡಬೇಕು

ರೇಸ್‌ಗಳು ಬೆಳಿಗ್ಗೆ ಬೇಗ ಶುರುವಾಗುತ್ತವೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಬಯಲಲ್ಲಿ ನಿಂತವರಿಗೆ ಚಳಿ ಸಣ್ಣದಲ್ಲ, ಸ್ವೆಟರ್ ಇರಲಿ. ಒಂಬತ್ತರ ಮೇಲೆ ಅದೇ ಜಾಗದಲ್ಲಿ ಬಿಸಿಲು ಚುರುಗುಟ್ಟುತ್ತದೆ, ಟೊಪ್ಪಿಗೆ ಅಥವಾ ಟವೆಲ್ ಬೇಕು. ಮಾರ್ಚ್ ನಂತರವಾದರೆ ಬೇವಿನ ಮರವೋ ಆಲದ ಮರವೋ ಇರುವ ಜಾಗವನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಸವಾರರು ಕಾಣುವ ಜಾಗಕ್ಕಿಂತ ನೆರಳಿರುವ ಜಾಗವೇ ಮುಖ್ಯ. ತಲೆಸುತ್ತು ಬಂದವನು ಏನು ನೋಡಿಯಾನು?

ನೀರು ತಲೆಗೆ ಒಂದು ಲೀಟರ್ ಕಡಿಮೆಯಿಲ್ಲದಂತೆ ಇರಲಿ. ದಾರಿಯಲ್ಲಿ ಚಹಾದಂಗಡಿ ಸಿಕ್ಕರೆ ಸಿಕ್ಕಿತು, ನಂಬಿ ಹೋಗಬೇಡಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಬಿಸಿಲಿಗೂ ಕೆಡುವುದಿಲ್ಲ, ಎಲ್ಲಿ ಬೇಕಾದರೂ ಕೂತು ತಿನ್ನಬಹುದು. ಕೂರಲು ಒಂದು ಗೋಣಿಚೀಲ, ಬರೆಯಲು ಒಂದು ಪೆನ್ನು ಮತ್ತು ಚೀಟಿ. ಸವಾರರ ಬೆನ್ನ ಮೇಲಿನ ನಂಬರ್ ಮತ್ತು ಹೆಸರಿರುವ ಪಟ್ಟಿ ಸಂಘಟಕರ ಬಳಿ ಇರುತ್ತದೆ. ಸ್ಟಾರ್ಟ್‌ಗೆ ಮೊದಲು ಅದರ ಫೋಟೊ ತೆಗೆದುಕೊಳ್ಳಿ. ಯಾರೆಂದು ಗೊತ್ತಿಲ್ಲದ ಐವತ್ತು ಹೆಲ್ಮೆಟ್‌ಗಳನ್ನು ನೋಡುವುದಕ್ಕೂ, ನಂಬರ್ 23 ತಿಕೋಟಾದ ಹುಡುಗ ಎಂದು ತಿಳಿದು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ರೇಸ್ ಎಂದು, ಎಲ್ಲಿ ಎಂಬುದು ತಿಳಿಯಲು ಪತ್ರಿಕೆಗಳ ಜಿಲ್ಲಾ ಪುಟ, ಜಾತ್ರೆಯ ಕರಪತ್ರ, ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ ಮೂರೂ ದಾರಿ. ಶಾಲೆಯ ದೈಹಿಕ ಶಿಕ್ಷಕರಿಗೂ ಸುದ್ದಿ ಇರುತ್ತದೆ. ಹಿಂದಿನ ಸಂಜೆ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ, ವೇಳೆ ಮತ್ತು ದಾರಿ ಬದಲಾಗುವುದು ಸಾಮಾನ್ಯ. ಬಸ್ಸಿಗೆ ಹೋಗುವವರು ರೇಸಿನ ಹೊತ್ತಿನಲ್ಲಿ ಆ ದಾರಿಯ ಬಸ್ಸು ತಡವಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಬೈಕಿನಲ್ಲಿ ಹೋಗುವವರು ಸ್ಟಾರ್ಟ್‌ಗೆ ಒಂದು ತಾಸು ಮೊದಲೇ ತಮ್ಮ ಜಾಗ ಸೇರಿ, ಗಾಡಿಯನ್ನು ರಸ್ತೆಯಿಂದ ಇಳಿಸಿ ನಿಲ್ಲಿಸಿ.

ಇವನ್ನು ಮಾಡಬೇಡಿ

ಸವಾರರ ಪಕ್ಕ ಬೈಕ್ ಓಡಿಸಿಕೊಂಡು ಹೋಗಬೇಡಿ. ಗೆಳೆಯನನ್ನು ಹುರಿದುಂಬಿಸಲು, ವಿಡಿಯೊ ಮಾಡಲು ಹುಡುಗರು ಹೀಗೆ ಮಾಡುತ್ತಾರೆ. ಬೈಕಿನ ಹಿಂದೆ ಗಾಳಿಯ ಮರೆ ಸಿಗುವುದರಿಂದ ಆ ಸವಾರನನ್ನು ಸ್ಪರ್ಧೆಯಿಂದ ಹೊರಗಿಡಬಹುದು. ಒಂದು ಸಣ್ಣ ತಾಗಾಟಕ್ಕೆ ಹತ್ತು ಜನ ಒಟ್ಟಿಗೆ ಬೀಳುವ ಅಪಾಯ ಅದಕ್ಕಿಂತ ದೊಡ್ಡದು.

ಫೋಟೊ ತೆಗೆಯಲು ರಸ್ತೆಗೆ ಕೈ ಚಾಚಬೇಡಿ. ಮೊಬೈಲ್ ಪರದೆಯಲ್ಲಿ ದೂರ ಕಾಣುವ ಸವಾರ ನಿಜದಲ್ಲಿ ಹತ್ತಿರ ಇರುತ್ತಾನೆ. ಮೊದಲ ಗುಂಪು ಹೋಯಿತೆಂದು ರಸ್ತೆ ದಾಟಬೇಡಿ. ಹಿಂದೆ ಬಿದ್ದವರು, ತಂಡದ ವಾಹನ, ಆಂಬುಲೆನ್ಸ್ ಇನ್ನೂ ಬರಲಿಕ್ಕಿರುತ್ತವೆ. ನಾಯಿ, ಮೇಕೆ, ಎಮ್ಮೆಗಳನ್ನು ಆ ಒಂದು ತಾಸು ಕಟ್ಟಿಹಾಕುವಂತೆ ರಸ್ತೆ ಪಕ್ಕದ ಮನೆಯವರಿಗೆ ಮೊದಲೇ ಹೇಳಿ. ರಸ್ತೆಯ ಮೇಲೆ ಜೋಳ, ತೊಗರಿ ಒಕ್ಕಲು ಹರಡುವ ಕಾಲದಲ್ಲಿ ಅದನ್ನು ಬದಿಗೆ ಸರಿಸುವಂತೆಯೂ ಹೇಳಿ. ತೆಳು ಟೈರಿನ ಸೈಕಲ್ಲಿಗೆ ಕಾಳಿನ ಮೇಲೆ ಹಿಡಿತವೇ ಇರುವುದಿಲ್ಲ.

ಸವಾರರಿಗೆ ನೀರು ಕೊಡಬೇಕೆನಿಸಿದರೆ ಸಂಘಟಕರನ್ನು ಕೇಳಿ ಕೊಡಿ. ರಾಷ್ಟ್ರ, ರಾಜ್ಯಮಟ್ಟದ ಸ್ಪರ್ಧೆಗಳಲ್ಲಿ ನೀರು ಕೊಡಲು ಗೊತ್ತುಪಡಿಸಿದ ಜಾಗ, ಜನ ಇರುತ್ತಾರೆ. ಬಿದ್ದವರನ್ನು ಎಬ್ಬಿಸಿ ಕೂರಿಸುವ ಆತುರವೂ ಬೇಡ. ತಲೆ, ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲುಗಿಸುವುದೇ ಅಪಾಯ. ಹಿಂದಿನಿಂದ ಬರುವ ಸವಾರರಿಗೆ ಕೈ ಬೀಸಿ ಎಚ್ಚರಿಸಿ, ಆಂಬುಲೆನ್ಸ್‌ಗೆ ದಾರಿ ಬಿಡಿಸಿ. ಅಷ್ಟು ಮಾಡಿದರೆ ದೊಡ್ಡ ಉಪಕಾರ.

ಹಾಗಾದರೆ ಯಾರು ಎಲ್ಲಿ ನೋಡಬೇಕು?

ಆರು ವರ್ಷದೊಳಗಿನ ಮಕ್ಕಳಿರುವ ಮನೆಯವರು, ಬಿಸಿಲು ತಾಳದ ಹಿರಿಯರು ನಗರದೊಳಗೆ ಮುಗಿಯುವ ರೇಸಿನ ಕೊನೆಯ ಅರ್ಧ ತಾಸಿಗೆ ಹೋಗಿ ಬರಲಿ, ಉಳಿದಂತೆ ದೂರದ ರೇಸ್‌ಗಳನ್ನು ಮನೆಯಲ್ಲೇ ನೋಡಲಿ. ಆಟವೇ ಹೊಸದೆನ್ನುವವರು ಜುಲೈನಲ್ಲಿ ನಾಲ್ಕು ಸಂಜೆ ಟೂರ್ ದ ಫ್ರಾನ್ಸ್ ನೋಡಿ, ಆಮೇಲೆ ರಸ್ತೆಗೆ ಬರಲಿ. ಗುಂಪು, ಗ್ಯಾಪ್, ಗಾಳಿ ಇವು ಮೂರು ತಿಳಿದವರಿಗೆ ಐದು ಸೆಕೆಂಡು ಕಡಿಮೆಯಲ್ಲ. ಸೈಕಲ್ ಕಲಿಯುವ ವಯಸ್ಸಿನ ಮಕ್ಕಳನ್ನು ಮಾತ್ರ ಟಿವಿ ಮುಂದೆ ಕೂರಿಸಿ ಸುಮ್ಮನಾಗಬೇಡಿ. ಫ್ರಾನ್ಸಿನ ಸವಾರ ಅವರಿಗೆ ಬೇರೆ ಲೋಕದವನು. ಪಕ್ಕದೂರಿನ ಶಾಲೆಯ ಹುಡುಗಿ ನಂಬರ್ ಕಟ್ಟಿಕೊಂಡು ಓಡಿಸುವುದನ್ನು ಕಂಡರೆ, ತಾನೂ ಓಡಿಸಬಹುದು ಎಂಬ ಧೈರ್ಯ ಬರುತ್ತದೆ.

ಕೊನೆಗೊಂದು ಮಾತು. ದೊಡ್ಡವರ ಅಂತಿಮ ಸ್ಪ್ರಿಂಟ್ ನೋಡಲು ಜನ ಸೇರುತ್ತಾರೆ. ಹದಿನಾಲ್ಕು, ಹದಿನಾರು ವರ್ಷದೊಳಗಿನವರ ರೇಸ್‌ಗಳು ಬೆಳಿಗ್ಗೆ ಬೇಗ, ಖಾಲಿ ರಸ್ತೆಯಲ್ಲಿ ಮುಗಿದುಹೋಗುತ್ತವೆ. ಮುಂದಿನ ಸಲ ನಿಮ್ಮ ಊರ ಮೇಲೆ ರೇಸ್ ಹಾಯ್ದರೆ ಒಂದು ತಾಸು ಮುಂಚೆ ಬನ್ನಿ, ಆ ಮಕ್ಕಳಿಗೂ ಚಪ್ಪಾಳೆ ಹೊಡೆಯಿರಿ. ಕೊನೆಯವರು ದಾಟುವತನಕ ಅಲ್ಲೇ ಇರಿ.